ಗುಂಡಿಗೆ ನೀರು

ಏಳನೇ ಕಾಲಂ ಇನ್ನೂ ಖಾಲಿ:
'ಅವಘಡಕ್ಕೆ ಕಾರಣ, ಒಂದೇ ಸಾಲಿನಲ್ಲಿ.'
ಮಿಕ್ಕಿದ್ದೆಲ್ಲ ಸಲೀಸು.
ಹೆಸರು ಗಾದಿಲಿಂಗಪ್ಪ, ಎಲೆಕ್ಟ್ರಿಕಲ್ ಕಂತ್ರಾಟುದಾರ.
ಸ್ಥಳ, ಕೌಲ್‌ಬಜಾರು, ಸುಂಕಣ್ಣನ ಜೀನ್ಸ್ ತೊಳೆಯುವ ಯೂನಿಟ್ಟು.
ಪಾಲಿಸಿ ನಂಬರು ಮಗಳು ಬರೆದಳು,
ಅವಳ ಅಕ್ಷರ ದುಂಡಗೆ.

ಬಳ್ಳಾರಿಯಲ್ಲಿ ಅರ್ತಿಂಗ್ ಮಾಡಿದವನಿಗೆ ಗೊತ್ತು,
ಇಲ್ಲಿ ಭೂಮಿ ಸುಲಭಕ್ಕೆ ಸಿಗುವುದಿಲ್ಲ.
ಮೊಳ ಅಗೆದರೆ ಗರಸು, ಆಮೇಲೆ ಬಂಡೆ.
ಎಂಟಡಿ ಬೇಕಿತ್ತು. ಐದೂವರೆಗೆ ಹಾರೆ ಕಿಡಿ ಕಾರಿತು.
'ಸಾಕು ಬಿಡಪಾ, ದೇವ್ರದಾನ' ಅಂದ ಸುಂಕಣ್ಣ.
ದೇವರು ಪಾಲಿಸಿಯಲ್ಲೂ ಇದ್ದಾನೆ,
ದೈವಕೃತ ಎಂಬ ಕಲಮಿನಲ್ಲಿ.
ಅವನು ಬೇರೆ, ಸಿಡಿಲು ನೆರೆ ಭೂಕಂಪದವನು.
ಕಡಿಮೆ ಬಿದ್ದ ಎರಡೂವರೆ ಅಡಿ
ಅವನ ಖಾತೆಗೆ ಬರುವುದಿಲ್ಲ.

ಇದ್ದಿಲು ಒಂದು ಪದರ, ಉಪ್ಪು ಒಂದು ಪದರ,
ಮತ್ತೆ ಇದ್ದಿಲು.
ಪೈಪು ಇಳಿಸಿ, ಬಾಯಿಗೆ ಆಲಿಕೆ ಕೂರಿಸಿ
ಮೀಟರು ಹಚ್ಚಿದರೆ
ಮುಳ್ಳು ನಿಲ್ಲಬೇಕಾದಲ್ಲೇ ನಿಂತಿತು.
ಸಹಿ ಮಾಡಿದೆ. ಆವತ್ತು ಆ ಸಹಿಯಲ್ಲಿ ಸುಳ್ಳಿರಲಿಲ್ಲ.
ಹೇಳಿಯೂ ಹೇಳಿದೆ:
'ಬ್ಯಾಸಿಗ್ಯಾಗ ವಾರಕ್ಕೆರಡು ಕೊಡ ನೀರು ಹಾಕ್ರಿ ಇದಕ್ಕ,
ಒಣಗಿದ್ರ ಕೆಲಸ ಮಾಡಂಗಿಲ್ಲ.'
ಯಾರಿಗೆ ಹೇಳಿದೆ?
ಸುಂಕಣ್ಣ ಫೋನಿನಲ್ಲಿದ್ದ, ಕೈ ಎತ್ತಿದ.
ವಾಚ್‌ಮನ್ ತಲೆಯಾಡಿಸಿದ, ಮುಂದೆ ಆದೋನಿಗೆ ಹೋದ.
ಪ್ಯಾಂಟು ಹಿಂಡುತ್ತಿದ್ದ ಮಾರೆಕ್ಕ
ತಲೆಯೆತ್ತದೆ ಕೇಳಿಸಿಕೊಂಡಳು.
ಬಿಲ್ಲಿನಲ್ಲಿ ಇದ್ದಿಲಿದೆ, ಉಪ್ಪಿದೆ, ಅಗೆದವನ ಕೂಲಿಯಿದೆ.
ಆ ಮಾತು ಇಲ್ಲ.

ಎರಡು ಬೇಸಿಗೆ ಅವಳೇ ಹಾಕಿದಳಂತೆ,
ಬಟ್ಟೆ ನೀಲಿ ಬಿಟ್ಟ ನೀರನ್ನೇ ಚೊಂಬಿನಲ್ಲಿ ಮೊಗೆದು.
ಆಮೇಲೆ ದಿನಕ್ಕೆ ನಲವತ್ತು ರೂಪಾಯಿ
ಹೆಚ್ಚು ಕೊಡುವ ಕಡೆ ಹೋದಳು.
ಮಾರ್ಚಿ. ಏಪ್ರಿಲ್.
ಒದ್ದೆ ನೆಲ, ಬರಿಗಾಲು, ಯಂತ್ರದ ಬಾಗಿಲು,
ಹತ್ತೊಂಬತ್ತರ ಹುಡುಗ ವನ್ನೂರಸ್ವಾಮಿ.

ಬದುಕಿದ್ದಾನೆ. ಬಲಗೈ ಮುಷ್ಟಿ ಕಟ್ಟುವುದಿಲ್ಲ.

ವಕೀಲರು ಸಣ್ಣಕ್ಷರದ ಮೇಲೆ ಬೆರಳಿಟ್ಟರು:
'ಕಂಪನಿ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಂಡರೆ ವಿಮೆ ಇಲ್ಲ.
ಆಸ್ಪತ್ರೆಗೆ ಹೋಗಿ, ಬೇಡ ಅನ್ನಲ್ಲ.
ಆ ಒಂದು ಮಾತು ಮಾತ್ರ ಆಡಬೇಡಿ.'
ಮೂಸಂಬಿ ಹಿಡಿದು ಹೋದೆ.
ಅವನ ತಾಯಿ ಸ್ಟೂಲು ಸರಿಸಿ,
ಸೆರಗಿನಿಂದ ಒರೆಸಿ ಕೂಡಿಸಿದಳು.
ನಾಲಿಗೆ ತುದಿಗೆ ಬಂದ ಶಬ್ದದ ಬೆಲೆ ಹದಿನೈದು ಲಕ್ಷ.
ನುಂಗಿದೆ. ಹಣ್ಣು ಸುಲಿದೆ.
ಇನ್ನೊಂದು ಸುಲಿದೆ.
ಅವನು ಎಡಗೈ ಚಾಚಿದ.

ಸರ್ವೇಯರು ಬಂದು ಆ ಗುಂಡಿಗೆ ಸೀಲು ಹಾಕಿದ್ದಾನೆ,
ಈಗ ಹನಿ ಬಿದ್ದರೂ ಸಾಕ್ಷ್ಯನಾಶ.
ಆದರೆ ನನ್ನ ಸಹಿ ಬಿದ್ದ ಗುಂಡಿಗಳು
ಊರಲ್ಲಿ ಇನ್ನೂ ಮೂವತ್ತೆಂಟಿವೆ.
ಬೆಳಗಿನ ಐದಕ್ಕೆ ಸ್ಕೂಟರಿಗೆ ಎರಡು ಕ್ಯಾನು ಕಟ್ಟಿ ಹೊರಡುತ್ತೇನೆ.
ಆಲಿಕೆಗೆ ಬಗ್ಗಿಸಿದರೆ ಮೊದಲು ಸುಮ್ಮನಿರುತ್ತದೆ,
ಆಮೇಲೆ ಒಳಗೆಲ್ಲೋ ಗೊಟಗೊಟ,
ಜ್ವರ ಬಿಟ್ಟವರು ಕುಡಿದ ಹಾಗೆ.

ವಕೀಲರು ಹಣೆ ಚಚ್ಚಿಕೊಂಡರು:
'ನೀವೇ ಹಾಕಿದರೆ, ಹಾಕುವುದು ನಿಮ್ಮದೇ ಕೆಲಸ ಅಂತ
ನಾಳೆ ಅವರು ಬರೀತಾರೆ!
ಏನಪ್ಪಾ, ಇಷ್ಟೆಲ್ಲಾ ನೀರು ಯಾವ ಧೈರ್ಯಕ್ಕೆ,
ಯಾವ ಗುಂಡಿಗೆ?'
'ಎಲ್ಲಾ ಗುಂಡಿಗೂ ಸಾರ್' ಅಂದೆ.
ಅವರಿಗೆ ನಗು ಬರಲಿಲ್ಲ.
ಬರೀಲಿ. ಯಾರಾದರೂ ಬರೆಯಲೇಬೇಕಿತ್ತು.

ನಿನ್ನೆ ಬಂಡಿಹಟ್ಟಿ ಕಡೆಯ ಯೂನಿಟ್ಟು, ಇಪ್ಪತ್ತೊಂದನೆಯದು.
ಮುಚ್ಚಳ ಸರಿಸಿದೆ.
ಉಪ್ಪು ಆಗಲೇ ತೊಯ್ದು ಕಪ್ಪಾಗಿತ್ತು.
ಪಕ್ಕದ ಇಟ್ಟಿಗೆ ಮೇಲೆ ಬೋರಲು ಹಾಕಿದ ಚೊಂಬು,
ಅಂಚಿಗೆಲ್ಲ ನೀಲಿ.
ಕ್ಯಾನು ಇಳಿಸದೆ
ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.